ಮಾಲಿನೊಳಗೆ ಟ್ರೆಡಲ್ ಇಳಿಸಿದ ಬಗೆ

ಬೆಳಗಾವಿಯ ಒಂದು ಮಾಲಿನ ನೆಲಮಹಡಿಯಲ್ಲಿ, ಎಸ್ಕಲೇಟರಿನ ಹಿಂದಿನ ಮೂಲೆಯಲ್ಲಿ, ಹಳೆಯ ಛಾಪಖಾನೆಯ ಸಾಮಾನುಗಳನ್ನು ಈಗ ಯಾರು ಬೇಕಾದರೂ ಬಂದು ನೋಡಬಹುದು. ಕಾಲಿನಿಂದ ತುಳಿದು ಓಡಿಸುವ 10×15 ಇಂಚಿನ ಅಚ್ಚಿನ ಯಂತ್ರ ಟ್ರೆಡಲ್ ಒಂದು, ಹೈಡೆಲ್‌ಬರ್ಗ್ ಪ್ಲೇಟನ್ ಅಚ್ಚಿನ ಯಂತ್ರ ಒಂದು, ಕೈಯಿಂದ ಉರುಳಿಸುವ ಪ್ರೂಫ್ ಪ್ರೆಸ್, ಚಕ್ರ ತಿರುವಿ ಕಾಗದ ಕತ್ತರಿಸುವ ಕಟಿಂಗ್ ಮಷಿನ್, ಫರ್ಮಾ (ಚೌಕಟ್ಟಿನಲ್ಲಿ ಬಿಗಿದ ಮೊಳೆಗಳು) ಕಟ್ಟುವ ಕಲ್ಲು, ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ತುಂಬಿದ ಕೇಸುಗಳ (ಖಾನೆಗಳಿರುವ ಮರದ ಟ್ರೇಗಳ) ಎರಡು ರ‍್ಯಾಕು. ಟ್ರೆಡಲ್ ದಿನಕ್ಕೆ ಎರಡು ಹೊತ್ತು ತಿರುಗುತ್ತದೆ, ನೋಡುವವರ ಎದುರೇ ಕಾರ್ಡು ಅಚ್ಚಾಗುತ್ತದೆ. ಈ ಸಾಮಾನು ಬಿಚ್ಚಿ, ತೊಳೆದು, ಸಾಗಿಸಿ, ಕೂರಿಸಿ, ಓಡಿಸಿದ ಕೆಲಸದಲ್ಲಿ ತಿಳಿದುಬಂದದ್ದನ್ನು ಇಲ್ಲಿ ಬರೆದಿದ್ದೇವೆ. ಬಾಗಲಕೋಟೆ, ವಿಜಯಪುರದ ಕಡೆ ಮುಚ್ಚಿದ ಛಾಪಖಾನೆಗಳ ಬಾಗಿಲ ಹಿಂದೆ ಇಂಥ ಸಾಮಾನು ಇನ್ನೂ ಇದೆ. ಉಳಿಸಬೇಕೆನ್ನುವವರಿಗೆ ಉಪಯೋಗವಾದೀತು.

ಮೊದಲು ಹೇಳಬೇಕಾದದ್ದು ಮೊಳೆಯ ಮಾತು. ಛಾಪಖಾನೆ ಮುಚ್ಚಿದಾಗ ಮೊದಲು ಮಾಯವಾಗುವುದು ಮೊಳೆಯೇ. ಗುಜರಿಯಲ್ಲಿ ಬೀಡು ಕಬ್ಬಿಣಕ್ಕಿಂತ ಸೀಸಕ್ಕೆ ಬೆಲೆ ಹೆಚ್ಚು. ಟ್ರೆಡಲ್ ಹೊರಗೆ ತರಲು ನಾಲ್ಕಾರು ಹಮಾಲರು ಬೇಕು, ಮೊಳೆಯನ್ನು ಚೀಲಕ್ಕೆ ಸುರುವಿ ಒಬ್ಬನೇ ಹೊತ್ತುಕೊಂಡು ಹೋಗಬಹುದು. ಹೀಗಾಗಿ ಯಂತ್ರ ಸಿಕ್ಕ ಕಡೆ ಮೊಳೆ ಇರುವುದಿಲ್ಲ. ಯಂತ್ರವನ್ನು ಇವತ್ತಿಗೂ ರಿಪೇರಿ ಮಾಡಬಹುದು. ಬೆಳಗಾವಿಯ ಉದ್ಯಮಬಾಗದಲ್ಲಿ, ಮಚ್ಛೆಯಲ್ಲಿ ಎರಕದ ಫೌಂಡ್ರಿಗಳಿವೆ, ಲೇಥ್ ಶಾಪುಗಳಿವೆ. ಸವೆದ ಗನ್‌ಮೆಟಲ್ ಬುಷ್ (ಶಾಫ್ಟು ತಿರುಗುವ ಲೋಹದ ಬಳೆ) ಕೊಟ್ಟರೆ ಅದೇ ಅಳತೆಯ ಹೊಸದನ್ನು ತಿರುವಿಕೊಡುತ್ತಾರೆ. 12 ಪಾಯಿಂಟ್ ಗಾತ್ರದ ಕನ್ನಡ ‘ಥ’ ಕಳೆದುಹೋದರೆ ಅಂಗಡಿಯಲ್ಲಿ ಕೇಳಿ ತರುವ ವಸ್ತುವಲ್ಲ ಅದು. ಆದ್ದರಿಂದ ಸಾಮಾನು ನೋಡಲು ಹೋದಾಗ ಮೊದಲು ಕೇಸು ಎಳೆದು ನೋಡಿ, ಆಮೇಲೆ ಯಂತ್ರ ನೋಡಿ. ಮೂಲೆಯಲ್ಲಿ ಧೂಳು ಹಿಡಿದ ಚೀಲ ಕಂಡರೆ ಅದನ್ನೂ ಕೇಳಿ ತಂದುಬಿಡಿ.

ಜಾಗದ ವಿಚಾರದಲ್ಲಿ ನಮಗೆ ಮೊದಲ ತೊಡಕು ಎದುರಾದದ್ದು ಭಾರದಿಂದ. ನೆಲಮಹಡಿ ಎಂದಾಕ್ಷಣ ಕೆಳಗೆ ಮಣ್ಣಿದೆ ಎಂದು ತಿಳಿಯಬಾರದು. ಮಾಲುಗಳಲ್ಲಿ ನೆಲಮಹಡಿಯ ಕೆಳಗೆ ಪಾರ್ಕಿಂಗ್ ಇರುತ್ತದೆ. ನಾವು ನಿಂತಿರುವುದು ಸ್ಲ್ಯಾಬಿನ ಮೇಲೆ. ಅಂಗಡಿಯ ಮಹಡಿಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ 4 ಕಿಲೋನ್ಯೂಟನ್, ಅಂದರೆ ಸುಮಾರು 400 ಕೆಜಿ ಹೊರುವಂತೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ನಮ್ಮ ಟ್ರೆಡಲ್ಲಿನ ತೂಕ ಹತ್ತಿರ ಹತ್ತಿರ 650 ಕೆಜಿ. ಅದು ನಿಲ್ಲುವುದು ನಾಲ್ಕು ಸಣ್ಣ ಪಾದಗಳ ಮೇಲೆ, ಒಂದೊಂದು ಪಾದಕ್ಕೆ 160 ಕೆಜಿ. ಸ್ಲ್ಯಾಬು ತಡೆದರೂ ವಿಟ್ರಿಫೈಡ್ ಟೈಲ್ಸ್ ತಡೆಯುವುದಿಲ್ಲ. ಟೈಲ್ಸಿನ ಅಡಿ ಸಿಮೆಂಟು ಎಲ್ಲಿ ಪೊಳ್ಳಾಗಿದೆಯೋ ಅಲ್ಲಿ ಒಡೆಯುತ್ತದೆ. ಹಾಕುವ ಮೊದಲು ನಾಣ್ಯದಿಂದ ಪ್ರತಿ ಟೈಲ್ಸ್ ಬಡಿದು ಸದ್ದು ಕೇಳಿ. ಪೊಳ್ಳು ಸದ್ದು ಬಂದಲ್ಲಿ ಪಾದ ಬರಕೂಡದು.

ಇದಕ್ಕೆ 100 ಎಂಎಂ ಉಕ್ಕಿನ ಚಾನೆಲ್ಲಿನ ಒಂದೂವರೆ ಮೀಟರ್ ಚೌಕದ ಫ್ರೇಮು ಮಾಡಿಸಿ, ನಡುವೆ ಎರಡು ಅಡ್ಡ ಚಾನೆಲ್ ಕೊಟ್ಟು, ಮೇಲೆ 6 ಎಂಎಂ ಉಕ್ಕಿನ ಪ್ಲೇಟು ಹಾಕಿಸಿದೆವು. ಫ್ರೇಮು, ಪ್ಲೇಟು ಸೇರಿ ಸುಮಾರು 190 ಕೆಜಿ. ಯಂತ್ರದ್ದು ಸೇರಿಸಿದರೆ 840. ಅದನ್ನು 2.25 ಚದರ ಮೀಟರಿಗೆ ಹಂಚಿದರೆ 375ರ ಒಳಗೆ ಬರುತ್ತದೆ. ಫ್ರೇಮಿನ ಅಡಿ 10 ಎಂಎಂ ರಬ್ಬರ್ ಶೀಟು. ಈ ಲೆಕ್ಕ ನಮಗಾಗಿ ಹಾಕಿಕೊಂಡದ್ದು. ಕಟ್ಟಡದ ನಕ್ಷೆ ನೋಡಿ, ತೊಲೆ ಎಲ್ಲಿ ಹಾದಿದೆ ಎಂದು ತಿಳಿದು, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿ ಕೊಟ್ಟ ಮೇಲೆಯೇ ಯಂತ್ರ ಒಳಗೆ ಬಂತು. ಆ ಕಾಗದವಿಲ್ಲದೆ ಮಾಲಿನವರು ಒಪ್ಪಬಾರದು, ನಾವೂ ಕೇಳಬಾರದು. ಯಂತ್ರದ ಸುತ್ತ ಒಂದು ಮೀಟರ್ ದೂರಕ್ಕೆ ಕಟಕಟೆ ಹಾಕಿದ್ದು ಬೆರಳುಗಳ ಕಾಳಜಿಗೆ ಮಾತ್ರವಲ್ಲ. ಯಂತ್ರಕ್ಕೆ ಆತುಕೊಂಡು ಇಪ್ಪತ್ತು ಜನ ನಿಂತರೆ ಅವರ ತೂಕವೂ ಅದೇ ಸ್ಲ್ಯಾಬಿನ ಮೇಲೆ ಬೀಳುತ್ತದೆ. ಹೈಡೆಲ್‌ಬರ್ಗ್ ಒಂದು ಟನ್ನಿಗೂ ಮೀರಿದ್ದು. ಅದನ್ನು ಪಾರ್ಕಿಂಗಿನ ಗೋಡೆಯ ಆಚೆ, ಕೆಳಗೆ ಮಣ್ಣು ತುಂಬಿದ ಭಾಗದಲ್ಲಿ ಇಟ್ಟೆವು.

ನಿಜವಾಗಿ ಲೆಕ್ಕ ತಪ್ಪಿದ್ದು ಯಂತ್ರದಲ್ಲಲ್ಲ, ರ‍್ಯಾಕಿನಲ್ಲಿ. ಮರದ ರ‍್ಯಾಕು ನೋಡಲು ಬಟ್ಟೆಯ ಕಪಾಟಿನ ಹಾಗೆ ಹಗುರ ಕಾಣುತ್ತದೆ. ಒಂದು ಕೇಸಿನಲ್ಲಿ ತುಂಬ ಮೊಳೆಯಿದ್ದರೆ 20 ಕೆಜಿ ಸಲೀಸಾಗಿ ಆಗುತ್ತದೆ. ಇಪ್ಪತ್ತು ಕೇಸಿನ ರ‍್ಯಾಕೆಂದರೆ 400 ಕೆಜಿ. ಅದು ನಿಲ್ಲುವ ಜಾಗ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಚದರ ಮೀಟರಿನ ಲೆಕ್ಕದಲ್ಲಿ ಟ್ರೆಡಲ್ಲಿಗಿಂತ ಎರಡು ಪಟ್ಟು ಭಾರ. ಮೊದಲ ನಕ್ಷೆಯಲ್ಲಿ ನಾಲ್ಕು ರ‍್ಯಾಕುಗಳನ್ನು ಗೋಡೆಗೆ ಒತ್ತಾಗಿ ಸಾಲಾಗಿ ಬರೆದಿದ್ದೆವು. ಎಂಜಿನಿಯರು ತೂಕ ಕೇಳಿದಾಗಲೇ ಇದು ಹೊಳೆದದ್ದು. ಈಗ ಎರಡೇ ರ‍್ಯಾಕು ಇವೆ, ಒಂದೊಂದರಲ್ಲಿ ಎಂಟು ಕೇಸು ಮಾತ್ರ ತುಂಬಿವೆ. ಉಳಿದ ಮನೆಗಳಲ್ಲಿ ಖಾಲಿ ಕೇಸು ಇಟ್ಟು ಹೆಚ್ಚಿನ ಮೊಳೆಯನ್ನು ಗೋದಾಮಿನಲ್ಲಿ ಇರಿಸಿದ್ದೇವೆ.

ಟ್ರೆಡಲ್ ಬಿಚ್ಚುವ ಕೆಲಸಕ್ಕೆ ಆತುರ ಸಲ್ಲದು. ಸ್ಪ್ಯಾನರ್ ಮುಟ್ಟುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಬೇಕು. ಒಂದಕ್ಕೊಂದು ಕೂಡುವ ಎರಡು ಭಾಗಗಳ ಮೇಲೆ ಸೆಂಟರ್ ಪಂಚಿನಿಂದ ಒಂದೇ ಬಗೆಯ ಚುಕ್ಕಿ ಹೊಡೆಯಬೇಕು: ಎಡದ ಆರ್ಮಿಗೆ ಒಂದು ಚುಕ್ಕಿ, ಬಲದ್ದಕ್ಕೆ ಎರಡು. ಹಲ್ಲಿನ ಚಕ್ರ ಮತ್ತು ಪಿನಿಯನ್ನಿನ ಯಾವ ಹಲ್ಲಿಗೆ ಯಾವ ಹಲ್ಲು ಎಂದು ಗುರುತು ಮಾಡದಿದ್ದರೆ ಮರಳಿ ಕೂಡಿಸುವಾಗ ಪ್ಲೇಟನ್ (ಕಾಗದವನ್ನು ಮೊಳೆಗೆ ಒತ್ತುವ ಹಲಗೆ) ಮುಚ್ಚುವ ಹೊತ್ತು ಮತ್ತು ರೋಲರ್ ಇಳಿಯುವ ಹೊತ್ತು ತಾಳ ತಪ್ಪುತ್ತವೆ. ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ, ಡೀಸೆಲ್ ಬೆರೆಸಿ ಹನಿಸಿ ಮೂರು ದಿನ ಬಿಡಬೇಕು, ದಿನಕ್ಕೆರಡು ಸಲ ಮೆಲ್ಲಗೆ ತಟ್ಟಬೇಕು. ಬೀಡು ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಸುತ್ತಿಗೆಯಿಂದ ಜೋರಾಗಿ ಹೊಡೆದರೆ, ಒಂದೇ ಕಡೆ ಗ್ಯಾಸಿನಿಂದ ಕಾಯಿಸಿದರೆ ಸೀಳು ಬಿಡುತ್ತದೆ. ನಮ್ಮ ಟ್ರೆಡಲ್ಲಿನ ಫೀಡ್ ಬೋರ್ಡ್ ಹಿಡಿಯುವ ಬ್ರಾಕೆಟ್ಟು ಹಾಗೆಯೇ ಮುರಿಯಿತು. ಬೀಡನ್ನು ಮಾಮೂಲಿ ವೆಲ್ಡಿಂಗ್ ರಾಡಿನಿಂದ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ನಿಕಲ್ ರಾಡು ಬಳಸಿ, ಮೊದಲು ಇಡೀ ತುಂಡನ್ನು ಸಮನಾಗಿ ಕಾಯಿಸಿ, ಬೆಸೆದ ಮೇಲೆ ಬಿಸಿ ಬೂದಿಯಲ್ಲಿ ಹೂತು ನಿಧಾನಕ್ಕೆ ಆರಲು ಬಿಡಬೇಕು.

ಫ್ಲೈವೀಲನ್ನು ಬಿಚ್ಚಲೇಬೇಕು. ಅದು ಶಾಫ್ಟಿನ ಮೇಲೆ ಇಳಿಜಾರಾದ ಚಾವಿಯಿಂದ ಬಿಗಿದು ಕೂತಿರುತ್ತದೆ. ಚಾವಿಯ ಸಣ್ಣ ತುದಿಯ ಕಡೆಯಿಂದ ಹಿತ್ತಾಳೆಯ ಡ್ರಿಫ್ಟ್ ಇಟ್ಟು ಹೊಡೆದರೆ ಹೊರಬರುತ್ತದೆ. ದಪ್ಪ ತುದಿಯ ಕಡೆಯಿಂದ ಹೊಡೆದರೆ ಇನ್ನೂ ಬಿಗಿಯುತ್ತದೆ. ಚಕ್ರ ಸಡಿಲಾದ ಕ್ಷಣ ಜಾರಿ ಕಾಲ ಮೇಲೆ ಬೀಳುವ ಅಪಾಯವಿದೆ, ಅದರ ಅಡಿ ಮರದ ತುಂಡು ಕೊಟ್ಟೇ ಹೊಡೆಯಬೇಕು. ಕ್ರ್ಯಾಂಕ್ ಶಾಫ್ಟು, ದೊಡ್ಡ ಗೇರು, ಫರ್ಮಾ ಕೂರುವ ಬೆಡ್ಡು ಹಾಗೇ ಇರಲಿ. ಎಲ್ಲ ಬಿಚ್ಚಿ ತುಂಡು ತುಂಡಾಗಿ ಸಾಗಿಸಿದರೆ ಸುಲಭ ಎನಿಸುತ್ತದೆ. ಮರಳಿ ಜೋಡಿಸುವಾಗ ಪ್ಲೇಟನ್ ಮತ್ತು ಬೆಡ್ಡನ್ನು ಸಮಾಂತರ ಮಾಡಲು ವಾರ ಹಿಡಿಯುತ್ತದೆ.

ಟ್ರೆಡಲ್ಲಿನ ಭಾರವೆಲ್ಲ ಮೇಲ್ಭಾಗದಲ್ಲಿದೆ. ದೂಕಿದರೆ ಉರುಳುತ್ತದೆ. ನಾಲ್ಕಿಂಚು ದಪ್ಪದ ಎರಡು ಗಟ್ಟಿಮರದ ತೊಲೆಗಳ ಮೇಲೆ ನಿಲ್ಲಿಸಿ, ಪಾದದ ತೂತುಗಳಿಂದ ಬೋಲ್ಟು ಇಳಿಸಿ ಬಿಗಿದೇ ಅಲುಗಾಡಿಸಬೇಕು. ಎತ್ತುವಾಗ ಚೈನ್ ಪುಲ್ಲಿಯ ಪಟ್ಟಿಯನ್ನು ಯಂತ್ರದ ಮೈಯ ಫ್ರೇಮಿಗೆ ಸುತ್ತಬೇಕು, ಶಾಫ್ಟಿಗಲ್ಲ. ಶಾಫ್ಟು ಸ್ವಲ್ಪವೇ ಬಾಗಿದರೂ ಯಂತ್ರ ಇನ್ನು ನೆಟ್ಟಗೆ ತಿರುಗುವುದಿಲ್ಲ. ಮಾಲಿನೊಳಗೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಮಾತ್ರ ಕೆಲಸಕ್ಕೆ ಒಪ್ಪಿಗೆ ಇತ್ತು. ಸಾಮಾನು ಇಳಿಸುವ ಬಾಗಿಲಿನಿಂದ ಮೂಲೆಯವರೆಗೆ 18 ಎಂಎಂ ಪ್ಲೈವುಡ್ ಹಾಸಿ, ಎರಡಿಂಚಿನ ಐದು ಪೈಪುಗಳ ಮೇಲೆ ಉರುಳಿಸಿದರು. ಆರು ಜನ ಹಮಾಲರು, ಒಬ್ಬ ಫಿಟ್ಟರ್. ಹಾರಿಯಿಂದ ಮೀಟುವವರು ಇಬ್ಬರೇ, ಹಿಂದಿನ ಪೈಪು ತೆಗೆದು ಮುಂದೆ ಕೊಡುವವರು ಇಬ್ಬರು, ಎರಡು ಮಗ್ಗಲಿಗೆ ಒಬ್ಬೊಬ್ಬರು, ಮಾತು ಒಬ್ಬನದೇ. ಪ್ಲೈವುಡ್ಡಿನ ಎರಡು ಹಾಳೆ ಕೂಡುವಲ್ಲಿ ಅಂತರ ಬಿಟ್ಟದ್ದರಿಂದ ಪೈಪು ಒಂದು ಸಲ ಸಿಕ್ಕಿಕೊಂಡು ಯಂತ್ರ ವಾಲಿತು. ಮೇಲೆ ಇನ್ನೊಂದು ಪದರು ಇಟ್ಟಿಗೆ ಕಟ್ಟಿದ ಹಾಗೆ ಕೂಡು ತಪ್ಪಿಸಿ ಹಾಸಿದ ಮೇಲೆ ತೊಂದರೆ ಆಗಲಿಲ್ಲ.

ಕೂರಿಸಿದ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಬೆಡ್ಡಿನ ಎರಡೂ ದಿಕ್ಕಿಗೆ ಮಟ್ಟ ನೋಡಿ, ಪಾದದ ಅಡಿ ತಗಡು ಕೊಟ್ಟು ಸರಿ ಮಾಡಬೇಕು. ಮಟ್ಟ ತಪ್ಪಿದ ಟ್ರೆಡಲ್ ತುಳಿಯುವವರಿಗೆ ಒಂದು ಕಡೆ ಭಾರ ಎನಿಸುತ್ತದೆ, ಆ ಕಡೆಯ ಬುಷ್ ಬೇಗ ಸವೆಯುತ್ತದೆ.

ಬಣ್ಣದ ಬಗ್ಗೆ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ: ಹೊಡೆಯಬೇಡಿ. ಪ್ರದರ್ಶನಕ್ಕೆ ಇಡುವ ಯಂತ್ರಗಳಿಗೆ ಕಪ್ಪು ಎನಾಮೆಲ್ ಬಳಿದು ಚಕ್ರಕ್ಕೆ ಬಂಗಾರದ ಬಣ್ಣ ಹಚ್ಚುವುದು ರೂಢಿಯಾಗಿದೆ. ಆ ಬಣ್ಣ ಎಣ್ಣೆ ಹಾಕುವ ತೂತುಗಳನ್ನು ಮುಚ್ಚುತ್ತದೆ, ಗೇರಿನ ಹಲ್ಲಿನೊಳಗೆ ಇಳಿಯುತ್ತದೆ, ಎರಕದಲ್ಲೇ ಮೂಡಿದ ತಯಾರಕರ ಹೆಸರನ್ನು, ನಂಬರನ್ನು ಮಸುಕು ಮಾಡುತ್ತದೆ. ಕಾಗದ ಕೊಡುವವನ ಕೈ ತಾಗಿ ತಾಗಿ ಹೊಳಪು ಬಂದ ಫೀಡ್ ಬೋರ್ಡಿನ ಅಂಚು, ಕಾಲು ಸವೆಸಿದ ಪೆಡಲ್ ಇವೇ ಆ ಯಂತ್ರದ ದಾಖಲೆ. ಸೀಮೆಎಣ್ಣೆ ಮತ್ತು ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಜಿಡ್ಡು ತೆಗೆದು ತೆಳುವಾಗಿ ಎಣ್ಣೆ ಸವರಿದರೆ ಸಾಕು. ಒಣಗಿ ಕಲ್ಲಾದ ಇಂಕು ಸೀಮೆಎಣ್ಣೆಗೆ ಕರಗುವುದಿಲ್ಲ, ಏಕೆಂದರೆ ಅದರಲ್ಲಿರುವ ಅಗಸೆಎಣ್ಣೆ ಗಾಳಿ ತಾಗಿ ಗಟ್ಟಿ ಪದರಾಗಿರುತ್ತದೆ. ಇಂಕು ಹರಡುವ ದುಂಡು ತಟ್ಟೆಯ, ಅಂದರೆ ಇಂಕ್ ಡಿಸ್ಕಿನ, ಮೇಲಿನ ಅಂಥ ಪದರನ್ನು ಥಿನ್ನರಿನಲ್ಲಿ ನೆನೆಸಿದ ಅರಿವೆ ಹೊದಿಸಿ, ಅರ್ಧ ತಾಸು ಬಿಟ್ಟು, ಬ್ಲೇಡನ್ನು ಮಲಗಿಸಿ ಹಿಡಿದು ಕೆರೆದು ತೆಗೆದೆವು. ಇದೆಲ್ಲ ಬಯಲಿನಲ್ಲಿ ಆಗಬೇಕಾದ ಕೆಲಸ, ಮಾಲಿನೊಳಗಲ್ಲ. ಆಮೇಲೆ ಎಣ್ಣೆಯ ತೂತುಗಳನ್ನು ಒಂದೊಂದಾಗಿ ತಂತಿ ಹಾಕಿ ಬಿಡಿಸಬೇಕು. ಈ ತೂತುಗಳಿಗೆ ಗ್ರೀಸು ತುರುಕಿದರೆ ಧೂಳು ಸೇರಿ ಕಲ್ಲಾಗುತ್ತದೆ. ಮಷಿನ್ ಆಯಿಲ್ಲೇ ಬೇಕು.

ರೋಲರ್ ಹೊಸದಾಗಿ ಮಾಡಿಸಬೇಕಾಯಿತು. ಹಿಂದೆ ಸರೇಸು, ಕಾಕಂಬಿ, ಗ್ಲಿಸರಿನ್ ಕುದಿಸಿ ಅಚ್ಚಿನಲ್ಲಿ ಎರೆದು ರೋಲರ್ ಮಾಡುತ್ತಿದ್ದರು. ಇಂಕು ಹಿಡಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ವಿಜಯಪುರದ ಬೇಸಿಗೆಗೆ ಕರಗಿ ಜೋತುಬೀಳುವುದು, ಬೆಳಗಾವಿಯ ಮಳೆಗಾಲಕ್ಕೆ ನೀರು ಹೀರಿ ಅಂಟಂಟಾಗುವುದು, ಇಲಿ ತಿನ್ನುವುದು. ಈಗ ರಬ್ಬರಿನದೇ ಸರಿ. ಗಡಸು ಶೋರ್ ಎ ಅಳತೆಯಲ್ಲಿ 25ರಿಂದ 30 ಇರಲಿ ಎಂದು ಹೇಳಿ ಮಾಡಿಸಬೇಕು. ಏನೂ ಹೇಳದಿದ್ದರೆ ಬೇರೆ ಯಂತ್ರಗಳಿಗೆ ಹಾಕುವ ಗಟ್ಟಿ ರಬ್ಬರ್ ಸುತ್ತಿಕೊಡುತ್ತಾರೆ, ಅದು ಮೊಳೆಯ ಮುಖಕ್ಕೆ ಸಮನಾಗಿ ಇಂಕು ಹಚ್ಚುವುದಿಲ್ಲ. ರೋಲರಿನ ಎರಡು ತುದಿಯ ಗಾಲಿಗಳ ವ್ಯಾಸವೂ ರಬ್ಬರಿನ ವ್ಯಾಸವೂ ಒಂದೇ ಇರಬೇಕು. ರಬ್ಬರ್ ದಪ್ಪವಾದರೆ ಉರುಳುವ ಬದಲು ಜಾರುತ್ತದೆ, ಅಕ್ಷರದ ಒಂದು ಮಗ್ಗಲಿಗೆ ಇಂಕಿನ ದಡಿ ಕಟ್ಟುತ್ತದೆ. ಪರೀಕ್ಷೆ ಸುಲಭ: ಇಂಕು ಹಚ್ಚಿದ ರೋಲರನ್ನು ಮೊಳೆಯ ಎತ್ತರದ ಲೋಹದ ಪಟ್ಟಿಯ ಮೇಲೆ ಇಳಿಸಿ ಎತ್ತಿದರೆ ಸುಮಾರು 3 ಎಂಎಂ ಅಗಲದ ಗೆರೆ ಬೀಳಬೇಕು. ಅದಕ್ಕಿಂತ ಅಗಲವಾದರೆ ರೋಲರ್ ತೀರ ಕೆಳಗಿದೆ ಎಂದು ಅರ್ಥ. ರೋಲರಿನ ಗಾಲಿ ಓಡುವ ಹಳಿಗೆ ಟೇಪು ಅಂಟಿಸಿ ಎತ್ತರಿಸಬಹುದು. ರಾತ್ರಿ ರೋಲರುಗಳನ್ನು ಯಂತ್ರದಲ್ಲೇ ಬಿಡಬಾರದು. ಒಂದೇ ಕಡೆ ಒತ್ತಿಕೊಂಡು ಚಪ್ಪಟೆಯಾದರೆ ಆ ಪಟ್ಟಿ ಮತ್ತೆ ದುಂಡಗಾಗುವುದಿಲ್ಲ.

ಇನ್ನು ಮೊಳೆ. ನಮಗೆ ಸಿಕ್ಕದ್ದರಲ್ಲಿ ಅರ್ಧದಷ್ಟು ಕೇಸಿನಲ್ಲೇ ಇತ್ತು, ಅರ್ಧ ಚೀಲಗಳಲ್ಲಿ ಕಲಸಿಹೋಗಿತ್ತು. ಕೇಸುಗಳನ್ನು ಸಾಗಿಸುವಾಗ ಮೇಲೆ ಕಾಗದ ಹೊದಿಸಿ, ಪ್ಲೈವುಡ್ ಮುಚ್ಚಿ, ಹಗ್ಗ ಕಟ್ಟಿ, ಮಟ್ಟವಾಗಿ ಹಿಡಿದು ಇಬ್ಬರು ಒಯ್ಯಬೇಕು. ಒಂದು ಕೇಸು ವಾಲಿದರೆ ವಾರದ ಕೆಲಸ ಮೈಮೇಲೆ ಬೀಳುತ್ತದೆ.

ಮೊಳೆ ಎಂದರೆ ಸೀಸ, ಜೊತೆಗೆ ಆಂಟಿಮನಿ, ತವರ. ಬರೀ ಸೀಸ ಮೆತ್ತಗಿರುತ್ತದೆ, ಆರುವಾಗ ಕುಗ್ಗುತ್ತದೆ; ಆಂಟಿಮನಿ ಗಡಸು ಕೊಟ್ಟು ಕುಗ್ಗುವುದನ್ನು ತಡೆಯುತ್ತದೆ, ತವರ ಎರಕವನ್ನು ಅಕ್ಷರದ ಸಣ್ಣ ಮೂಲೆಗೂ ಹರಿಸುತ್ತದೆ. ಹಳೆಯ ಮೊಳೆಗಳ ಮೇಲೆ ಬಿಳಿಯ ಪುಡಿ ಕಂಡರೆ ಎಚ್ಚರ. ಅದು ಧೂಳಲ್ಲ, ಸೀಸವೇ ಕೆಟ್ಟು ಆದ ವಿಷ. ಕೈಗವಸು, ಮಾಸ್ಕ್ ಹಾಕಿಕೊಂಡು, ಒದ್ದೆ ಅರಿವೆಯಿಂದ ಒರೆಸಬೇಕು. ಒಣ ಬ್ರಷ್ಷಿನಿಂದ ಉಜ್ಜಿದರೆ ಪುಡಿ ಗಾಳಿಗೆ ಏಳುತ್ತದೆ. ಕಸಬರಿಗೆಯನ್ನಂತೂ ಆ ಕೋಣೆಯಿಂದ ಹೊರಗೇ ಇಡಿ. ಗೆರೆ ಮೂಡಿಸುವ ಹಿತ್ತಾಳೆ ರೂಲುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಬಹುದು, ಮೊಳೆಯನ್ನು ಮಾತ್ರ ಹುಣಸೆ, ನಿಂಬೆ, ವಿನೆಗರ್ ಯಾವುದರಲ್ಲೂ ಹಾಕಬಾರದು. ಹುಳಿ ಸೀಸವನ್ನು ತಿನ್ನುತ್ತದೆ.

ಇದೇ ಹುಳಿ ಪ್ರದರ್ಶನದ ಪೆಟ್ಟಿಗೆಯಲ್ಲೂ ಇರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಮಾಲಿನ ಇಂಟೀರಿಯರ್ ಕೆಲಸದವರು ಎಂಡಿಎಫ್‌ನಿಂದ, ಅಂದರೆ ಮರದ ನಾರನ್ನು ಅಂಟಿನಿಂದ ಒತ್ತಿದ ಹಲಗೆಯಿಂದ, ಚೆಂದದ ಪೆಟ್ಟಿಗೆ ಮಾಡಿ ಗಾಜು ಮುಚ್ಚಿ ಕೊಟ್ಟರು. ಎಂಡಿಎಫ್, ಹೊಸ ಪ್ಲೈವುಡ್, ಅವುಗಳ ಅಂಟು ಇವೆಲ್ಲ ತಿಂಗಳುಗಟ್ಟಲೆ ಹುಳಿ ಆವಿಯನ್ನು ಬಿಡುತ್ತಲೇ ಇರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಹೊರಗೆ ಹೋಗದೆ ಮೊಳೆಯ ಮೇಲೆ ಕೂರುತ್ತದೆ. ಮಳೆಗಾಲದ ತೇವ ಸೇರಿದರೆ ಬಿಳಿ ಪುಡಿ ಏಳಲು ಹೆಚ್ಚು ದಿನ ಬೇಕಿಲ್ಲ. ಪೆಟ್ಟಿಗೆಗಳನ್ನು ಹಿಂದಕ್ಕೆ ಕೊಟ್ಟು ಪೌಡರ್ ಕೋಟಿಂಗ್ ಮಾಡಿದ ತಗಡಿನ ಪೆಟ್ಟಿಗೆ, ಗಾಜು ಹಾಕಿಸಿದೆವು, ಹಿಂಬದಿಗೆ ಗಾಳಿ ಆಡುವಂತೆ ಸಣ್ಣ ತೂತುಗಳನ್ನು ಬಿಟ್ಟೆವು. ಹಳೆಯ ಒಣಮರದ ಕೇಸುಗಳನ್ನು ಪೂರ್ತಿ ಮುಚ್ಚದೆ ಅರ್ಧ ಎಳೆದು ಇಟ್ಟಿದ್ದೇವೆ.

ಚೀಲದ ಮೊಳೆ ವಿಂಗಡಿಸುವುದು ಕಣ್ಣಿಗೂ ತಾಳ್ಮೆಗೂ ಪರೀಕ್ಷೆ. ಕನ್ನಡದ 12 ಪಾಯಿಂಟಿನ ಮೊಳೆ ಕೆಜಿಗೆ ಇನ್ನೂರರ ಆಸುಪಾಸು ಬರುತ್ತವೆ; 40 ಕೆಜಿಯ ಚೀಲವೆಂದರೆ ಎಂಟು ಸಾವಿರ ಅಕ್ಷರ. ಮೊದಲೇ ಅಕ್ಷರ ನೋಡಿ ಆರಿಸಲು ಕೂತರೆ ಮುಗಿಯುವುದಿಲ್ಲ. ಮೊದಲು ಮೈಯ ದಪ್ಪದ ಮೇಲೆ ವಿಂಗಡಿಸಬೇಕು: ಮೊಳೆ ಜೋಡಿಸುವ ಪಟ್ಟಿಯಲ್ಲಿ, ಅಂದರೆ ಕಂಪೋಸಿಂಗ್ ಸ್ಟಿಕ್ಕಿನಲ್ಲಿ, ಗೊತ್ತಿರುವ 12 ಪಾಯಿಂಟಿನ ಮೊಳೆ ಇಟ್ಟು, ಪಕ್ಕದಲ್ಲಿ ಸಂಶಯದ್ದನ್ನು ಇಟ್ಟು ಬೆರಳಾಡಿಸಿದರೆ ಒಂದು ಪಾಯಿಂಟಿನ ವ್ಯತ್ಯಾಸವೂ ತಿಳಿಯುತ್ತದೆ. ಆಮೇಲೆ ನಿಕ್ಕು ನೋಡಬೇಕು. ಮೊಳೆಯ ಮೈಮೇಲಿನ ಈ ಕಚ್ಚು ಎಷ್ಟು, ಎಲ್ಲಿ ಎನ್ನುವುದು ಫೌಂಡ್ರಿಯಿಂದ ಫೌಂಡ್ರಿಗೆ, ಸೆಟ್ಟಿನಿಂದ ಸೆಟ್ಟಿಗೆ ಬೇರೆ. ಒಂದೇ ನಿಕ್ಕಿನವು ಒಂದೇ ಸೆಟ್ಟಿನವು. ಅಕ್ಷರದ ಸರದಿ ಬರುವುದು ಮೂರನೆಯದಾಗಿ. ಬೆಳಗಾವಿಯ ಛಾಪಖಾನೆಗಳಲ್ಲಿ ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರೂ ಇರುತ್ತಿದ್ದದ್ದರಿಂದ ಚೀಲದಲ್ಲಿಯೂ ಮೂರೂ ಕೂಡಿ ಬಂದಿದ್ದವು.

ಕನ್ನಡದ ಮೊಳೆಯಲ್ಲಿ ಮೋಸ ಮಾಡುವುದು ಮಹಾಪ್ರಾಣ. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುವ ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’, ‘ಡ’ ಮತ್ತು ‘ಢ’ ಇವುಗಳ ನಡುವಿನ ಅಂತರ ಕೆಳಗಿನ ಒಂದು ಸಣ್ಣ ಗೀರು. ಆ ಗೀರು ಸವೆದರೆ ‘ಧನ’ ಹೋಗಿ ‘ದನ’ ಆಗುತ್ತದೆ. ಸಂಶಯ ಬಂದದ್ದನ್ನೆಲ್ಲ ಭೂತಗನ್ನಡಿಯಲ್ಲಿ ನೋಡಿ, ಇಂಕ್ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಮೂಡಿಸಿಯೇ ಖಾನೆಗೆ ಹಾಕಬೇಕು. ಒತ್ತಕ್ಷರದ ಕೆಲವು ಮೊಳೆಗಳಲ್ಲಿ ಅಕ್ಷರ ಮೈಯಿಂದ ಹೊರಚಾಚಿರುತ್ತದೆ. ಆಸರೆಯಿಲ್ಲದ ಆ ತುದಿಯೇ ಮೊದಲು ಮುರಿಯುವುದು. ಮುರಿದವನ್ನು ಎಸೆಯದೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ, ಶಾಲೆಯ ಮಕ್ಕಳಿಗೆ ಗಾಜಿನ ಹಿಂದೆ ತೋರಿಸಲು ಅವು ಬರುತ್ತವೆ. ಮಕ್ಕಳ ಕೈಗೆ ಕೊಡುವುದು ಮಾತ್ರ ಮರದ ಮೊಳೆ, ಹಿಂದೆ ಪೋಸ್ಟರಿಗೆ ಬಳಸುತ್ತಿದ್ದ ದೊಡ್ಡ ಅಕ್ಷರಗಳು. ಸೀಸ ಮುಟ್ಟಿದ ಕೈಯಿಂದ ಮಗು ಎದುರಿನ ಅಂಗಡಿಯ ಪಾಪ್‌ಕಾರ್ನ್ ತಿಂದರೆ ಅದಕ್ಕೆ ನಾವೇ ಹೊಣೆ. ಮೊಳೆ ಜೋಡಿಸುವ ನಮ್ಮವರಿಗೂ ನಿಯಮವಿದೆ: ಸಾಬೂನಿನಿಂದ ಕೈ ತೊಳೆಯದೆ ಚಹಾ ಇಲ್ಲ.

ಕೂಡಿಸಿ ಅಚ್ಚು ಹಾಕುವ ಕ್ರಮ ಹೀಗೆ. ಸ್ಟಿಕ್ಕಿನಲ್ಲಿ ಎಡದಿಂದ ಬಲಕ್ಕೆ, ಅಕ್ಷರ ತಲೆಕೆಳಗಾಗಿ, ನಿಕ್ಕು ಮೇಲೆ ಬರುವಂತೆ ಜೋಡಿಸಿ, ಸಾಲು ತುಂಬಿದಾಗ ಸ್ಪೇಸು ಕೊಟ್ಟು ಬಿಗಿ ಮಾಡುವುದು. ಗ್ಯಾಲಿ ಎಂಬ ತಟ್ಟೆಗೆ ಇಳಿಸಿ ದಾರ ಸುತ್ತಿ, ಪ್ರೂಫ್ ತೆಗೆದು ತಿದ್ದಿ, ಕಲ್ಲಿನ ಮೇಲೆ ಚೇಸಿನೊಳಗೆ (ಕಬ್ಬಿಣದ ಚೌಕಟ್ಟು) ಇಟ್ಟು ಸುತ್ತ ಫರ್ನಿಚರ್ (ಖಾಲಿ ಜಾಗ ತುಂಬುವ ತುಂಡುಗಳು), ಎರಡು ಮಗ್ಗಲಿಗೆ ಕ್ವಾಯಿನ್ (ಬಿಗಿಯುವ ಬೆಣೆ). ಕ್ವಾಯಿನ್ನುಗಳನ್ನು ಮೊದಲು ಬೆರಳಿನಿಂದಷ್ಟೇ ಬಿಗಿದು, ಪ್ಲೇನರ್ ಹಲಗೆ ಇಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮೊಳೆಗಳ ಮುಖವನ್ನು ಮಟ್ಟ ಮಾಡಿ, ಆಮೇಲೆ ಚಾವಿಯಿಂದ ಪೂರ್ತಿ ಬಿಗಿಯಬೇಕು. ಮೊದಲೇ ಬಿಗಿದು ಆಮೇಲೆ ತಟ್ಟಿದರೆ ಮೊಳೆ ಕೆಳಗಿಳಿಯದೆ ಮುಖವೇ ಜಜ್ಜುತ್ತದೆ. ಚೇಸಿನ ಒಂದು ಅಂಚಿನ ಅಡಿ ಕ್ವಾಯಿನ್ ಕೊಟ್ಟು ಎತ್ತಿ, ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿ. ಯಾವ ಮೊಳೆಯೂ ಅಲುಗಾಡದಿದ್ದರೆ ಯಂತ್ರಕ್ಕೆ ಏರಿಸಬಹುದು. ಅತಿಯಾಗಿ ಬಿಗಿದರೂ ಫರ್ಮಾ ನಡುವೆ ಉಬ್ಬುತ್ತದೆ, ಅಚ್ಚಿನಲ್ಲಿ ಸ್ಪೇಸುಗಳು ಮೇಲೆದ್ದು ಕಪ್ಪು ಚುಕ್ಕಿ ಬೀಳುತ್ತವೆ.

ಮೊಳೆಯ ಎತ್ತರ 0.918 ಇಂಚು, ಅಂದರೆ 23.32 ಎಂಎಂ. ನಾಲ್ಕು ಕಡೆಯಿಂದ ಕೂಡಿಸಿ ತಂದ ಮೊಳೆಯಲ್ಲಿ ಸವೆತ ಒಂದೇ ಸಮ ಇರುವುದಿಲ್ಲ. ಹೀಗಾಗಿ ಮೊದಲ ಅಚ್ಚು ಎಂದೂ ಸರಿ ಬರುವುದಿಲ್ಲ, ಕೆಲವು ಅಕ್ಷರ ತೇಲಿದ ಹಾಗೆ, ಕೆಲವು ಕೊರೆದ ಹಾಗೆ ಕಾಣುತ್ತವೆ. ಪ್ಲೇಟನ್ನಿನ ಹಿಂದಿನ ನಾಲ್ಕು ಬೋಲ್ಟುಗಳನ್ನು ಮುಟ್ಟಿ ಇದನ್ನು ಸರಿ ಮಾಡಲು ಹೋಗಬಾರದು. ಅವು ಪ್ಲೇಟನ್ನಿನ ಸಮಾಂತರಕ್ಕೆ ಇರುವುದು, ಒಂದು ಅಕ್ಷರದ ಸಲುವಾಗಿ ಅಲ್ಲ. ಪ್ಲೇಟನ್ನಿಗೆ ಹೊದಿಸುವ ಟಿಂಪನ್ ಹಾಳೆಯ ಅಡಿಯ ಪ್ಯಾಕಿಂಗಿನಲ್ಲಿ ಕೆಲಸ ಮಾಡಬೇಕು. ಒಂದು ಗಟ್ಟಿ ಪ್ರೆಸ್‌ಬೋರ್ಡ್, ಮೇಲೆ ಮೂರ್ನಾಲ್ಕು ಹಾಳೆ ಕಾಗದ, ಎಲ್ಲಕ್ಕೂ ಮೇಲೆ ಟಿಂಪನ್ ಹಾಳೆ, ಒಟ್ಟು ಒಂದು ಎಂಎಂ ಸುಮಾರಿಗೆ. ತೇಲಿದ ಅಕ್ಷರದ ಜಾಗಕ್ಕೆ ಟಿಶ್ಯೂ ಕಾಗದದ ತುಣುಕು ಅಂಟಿಸುತ್ತ ಬಂದರೆ ಅಚ್ಚು ಸಮನಾಗುತ್ತದೆ. ಮೊಳೆ ಕಾಗದವನ್ನು ಮುಟ್ಟಬೇಕು, ಕುಟ್ಟಬಾರದು. ಈಗ ಕಾರ್ಡಿನ ಹಿಂಬದಿಗೆ ಬೆರಳಿಟ್ಟರೆ ತಿಳಿಯುವಷ್ಟು ಆಳ ಒತ್ತಿದ ಅಚ್ಚನ್ನು ಜನ ಇಷ್ಟಪಟ್ಟು ಕೇಳುತ್ತಾರೆ. ಹಾಗೆ ಒತ್ತಿದರೆ ಈ ಮೊಳೆಗಳು ಒಂದು ಹಂಗಾಮೂ ಬಾಳಲಾರವು. ಕೇಳಿದವರಿಗೆ ಇದನ್ನೇ ವಿವರಿಸಿ, ಇಲ್ಲ ಎನ್ನುತ್ತೇವೆ. ಕಾಗದ ಹಿಡಿಯುವ ಗ್ರಿಪ್ಪರುಗಳ ಜಾಗವನ್ನೂ ಕೈಯಿಂದ ಒಂದು ಸುತ್ತು ತಿರುವಿ ನೋಡಿಕೊಳ್ಳಬೇಕು. ಗ್ರಿಪ್ಪರ್ ಮೊಳೆಯ ಮೇಲೆ ಬಂದರೆ ಒಂದೇ ತುಳಿತಕ್ಕೆ ಇಡೀ ಸಾಲು ಹಾಳು.

ಮೋಟರು ಜೋಡಿಸಲಿಲ್ಲ. ಕೈ ಪಳಗಿದವರು ಟ್ರೆಡಲ್ಲಿನಲ್ಲಿ ತಾಸಿಗೆ ಸಾವಿರ ಕಾಗದ ಹೊಡೆಯುತ್ತಿದ್ದರು. ಇಲ್ಲಿ ಒಂದು ಹೊತ್ತಿಗೆ ಐವತ್ತು ಕಾರ್ಡು ಸಾಕು, ನಿಧಾನಕ್ಕೆ. ಮುಚ್ಚಿಕೊಳ್ಳುವ ಪ್ಲೇಟನ್ ನಡುವೆ ಬೆರಳು ಸಿಕ್ಕರೆ ಯಂತ್ರ ತಾನಾಗಿ ನಿಲ್ಲುವುದಿಲ್ಲ, ಫ್ಲೈವೀಲಿನ ವೇಗ ಅದನ್ನು ಮುಚ್ಚಿಸಿಯೇ ತೀರುತ್ತದೆ. ಆದ್ದರಿಂದ ಕಾಗದ ಕೊಡುವವರು ಒಬ್ಬರೇ, ಕಲಿತವರು ಮಾತ್ರ. ಸೆರಗು, ದುಪಟ್ಟಾ, ಕೊರಳಿನ ಐಡಿ ಕಾರ್ಡ್ ದಾರ ಕಟಕಟೆಯ ಒಳಗೆ ಬರುವಂತಿಲ್ಲ. ಪ್ರದರ್ಶನ ಮುಗಿದ ಕೂಡಲೇ ಪೆಡಲ್ಲಿನ ಕೊಕ್ಕೆ ಕಳಚಿ, ಫ್ಲೈವೀಲಿನ ಕಡ್ಡಿಗೂ ಫ್ರೇಮಿಗೂ ಸರಪಳಿ ಸುತ್ತಿ ಬೀಗ ಹಾಕುತ್ತೇವೆ.

ಸ್ವಚ್ಛ ಮಾಡಲು ಮಾಲಿನೊಳಗೆ ಸೀಮೆಎಣ್ಣೆ, ಪೆಟ್ರೋಲ್ ತರುವಂತಿಲ್ಲ. ಅಡಿಗೆ ಎಣ್ಣೆಯಿಂದಲೇ ಇಂಕು ಬಿಡುತ್ತದೆ ಎಂದು ಮೊದಲು ಕುಸುಬಿ ಎಣ್ಣೆ ಬಳಸಿದೆವು. ಇಂಕೇನೋ ಬಿಟ್ಟಿತು, ಆದರೆ ಕುಸುಬಿ ಎಣ್ಣೆ ಗಾಳಿಗೆ ಒಣಗುವ ಜಾತಿಯದು. ನಾಲ್ಕು ದಿನಕ್ಕೆ ರೋಲರಿನ ತುದಿಗೆ, ಡಿಸ್ಕಿನ ಅಂಚಿಗೆ ಅಂಟು ಕಟ್ಟಿತು. ಶೇಂಗಾ ಎಣ್ಣೆ ಹಾಗೆ ಒಣಗುವುದಿಲ್ಲ. ಈಗ ಶೇಂಗಾ ಎಣ್ಣೆಯಿಂದ ಎರಡು ಸಲ ಒರೆಸಿ, ಸಾಬೂನು ನೀರಿನಲ್ಲಿ ಹಿಂಡಿದ ಅರಿವೆಯಿಂದ ಒಂದು ಸಲ, ಒಣ ಅರಿವೆಯಿಂದ ಕೊನೆಗೊಂದು ಸಲ. ಇಂಕು ಮತ್ತು ಎಣ್ಣೆ ಹತ್ತಿದ ಅರಿವೆಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬಾರದು. ಅಗಸೆಎಣ್ಣೆಯಂಥವು ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನೇ ಹೊತ್ತಿಕೊಂಡೀತು. ಮುಚ್ಚಳದ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಅದರೊಳಗೆ ಇಟ್ಟು ಅದೇ ರಾತ್ರಿ ಹೊರಗೆ ಒಯ್ಯುತ್ತೇವೆ.

ಏಸಿ ಇದೆಯಲ್ಲ, ತುಕ್ಕಿನ ಭಯವಿಲ್ಲ ಎಂದು ನಂಬಿದ್ದೆವು. ಹಗಲೆಲ್ಲ ಏಸಿಯಲ್ಲಿ ತಣ್ಣಗಾದ ಕಬ್ಬಿಣದ ಮೇಲೆ, ರಾತ್ರಿ ಏಸಿ ನಿಲ್ಲಿಸಿ ಸಾಮಾನಿನ ಬಾಗಿಲು ತೆರೆದಾಗ ನುಗ್ಗುವ ಜುಲೈ ತಿಂಗಳ ತೇವದ ಗಾಳಿ ಹನಿಗಟ್ಟುತ್ತದೆ. ಬೆಳಿಗ್ಗೆ ಡಿಸ್ಕಿನ ಮೇಲೆ ಕೆಂಪು ಹೊಗೆಯಂಥ ತೆಳು ತುಕ್ಕು. ಪ್ಲಾಸ್ಟಿಕ್ ಹೊದಿಸಿದ್ದು ಇನ್ನೂ ಕೆಟ್ಟದ್ದಾಯಿತು, ತೇವ ಒಳಗೇ ನಿಂತಿತು. ಈಗ ಮುಚ್ಚುವ ಹೊತ್ತಿಗೆ ಹೊಳೆಯುವ ಮುಖಗಳಿಗೆಲ್ಲ ತೆಳುವಾಗಿ ಎಣ್ಣೆ ಸವರಿ ದಪ್ಪ ಕಾಟನ್ ಬಟ್ಟೆ ಹೊದಿಸುತ್ತೇವೆ. ನೆಲ ಒರೆಸುವವರು ಬಳಸುವ ಆಸಿಡ್ ಕ್ಲೀನರ್ ಯಂತ್ರದ ಪಾದಕ್ಕೆ ಸಿಡಿಯದಂತೆ ಫ್ರೇಮಿನ ಸುತ್ತ ಮೂರಿಂಚಿನ ರಬ್ಬರ್ ಅಂಚು ಕಟ್ಟಿದೆ. ಅದರ ಒಳಗೆ ಒರೆಸುವುದು ನಮ್ಮ ಕೆಲಸ.

ಗೋಡೆಯ ಫಲಕಗಳನ್ನು ಕಡಿಮೆ ಮಾಡಿದೆವು. ಕನ್ನಡ ಅಚ್ಚಿನ ಕಥೆಯಲ್ಲಿ 1817ರ ಬಂಗಾಳದ ಶ್ರೀರಾಮಪುರ, ವಿಲಿಯಂ ಕೇರಿಯ ವ್ಯಾಕರಣ, 1843ರ ಮಂಗಳೂರು, ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ತಂದ ‘ಮಂಗಳೂರ ಸಮಾಚಾರ’, ಇವು ಚಿಕ್ಕದಾಗಿವೆ. ದೊಡ್ಡ ಫಲಕ ಈ ಸೀಮೆಯದು. ಫ.ಗು. ಹಳಕಟ್ಟಿಯವರು ಓಲೆಗರಿಗಳಿಂದ ಆರಿಸಿದ ವಚನಗಳ ಸಂಗ್ರಹ, ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ, 1923ರಲ್ಲಿ ಅಚ್ಚಾದದ್ದು ಇದೇ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ. 1925ರಲ್ಲಿ ಅವರು ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ವಚನಗಳು ಓಲೆಗರಿಯಿಂದ ಮನೆಮನೆಗೆ ಬಂದದ್ದು ಒಬ್ಬರು ಒಂದೊಂದಾಗಿ ಆರಿಸಿ ಸ್ಟಿಕ್ಕಿನಲ್ಲಿ ಇಟ್ಟ ಇಂಥ ಮೊಳೆಗಳಿಂದ. ಆ ಫಲಕವನ್ನು ಯಂತ್ರದ ಪಕ್ಕದಲ್ಲಲ್ಲ, ಮೊಳೆಯ ರ‍್ಯಾಕಿನ ಮೇಲೆ ಹಾಕಿದ್ದೇವೆ. ಹಳೆಯ ಮುದ್ರಿತ ಹಾಳೆಗಳ ಮೂಲಪ್ರತಿ ಇಡಲಿಲ್ಲ. ಕಾಗದಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಸಲ್ಲದು, ಮಾಲಿನ ಗಾಜಿನ ಚಾವಣಿಯಿಂದ ಬೀಳುವುದು ಅದರ ಎಷ್ಟೋ ಪಟ್ಟು. ಅಲ್ಲಿರುವುದೆಲ್ಲ ನಕಲು ಪ್ರತಿ, ಹಾಗೆಂದು ಬರೆದೂ ಇದೆ.

ಸದ್ಯಕ್ಕೆ ಎರಡೂವರೆ ಚೀಲ ವಿಂಗಡಿಸಿ ಮುಗಿದಿದೆ, ಮೂರು ಚೀಲ ಬಾಕಿ. 12 ಪಾಯಿಂಟಿನಲ್ಲಿ ‘ಥ’, ‘ಝ’, ‘ಙ’ ಮತ್ತು ‘ಷ’ದ ಒತ್ತು ಸಾಲದು. 24 ಪಾಯಿಂಟಿನಲ್ಲಿ ‘ಳ’ ಮೂರೇ ಸಿಕ್ಕಿವೆ, ಒಂದರ ತಲೆ ಚಪ್ಪಟೆಯಾಗಿದೆ. ಕಾರ್ಡಿನ ಮೇಲೆ ‘ಬೆಳಗಾವಿ’ ಎಂದು ಬರುವ ಸಾಲಿನಲ್ಲಿ ಒಳ್ಳೆಯ ಎರಡು ‘ಳ’ಗಳಲ್ಲಿ ಒಂದು ದಿನಾಲೂ ಕೂತಿರುತ್ತದೆ, ಇನ್ನೊಂದನ್ನು ಅದು ಸವೆಯುವ ದಿನಕ್ಕೆಂದು ಕಾಗದದಲ್ಲಿ ಸುತ್ತಿ ಇಟ್ಟಿದ್ದೇವೆ. ಗುಜರಿಗೆ ಹಾಕಲು ತೂಕಕ್ಕೆ ಇಟ್ಟ ಮೊಳೆ ಯಾರ ಮನೆಯಲ್ಲಾದರೂ ಇದ್ದರೆ, ಗುಜರಿಯವರು ಕೊಡುವ ದರವನ್ನೇ ಕೊಟ್ಟು ಒಯ್ಯಲು ಸಿದ್ಧರಿದ್ದೇವೆ. ಚೀಲ ಸುರುವಬೇಡಿ, ಕೇಸಿನಲ್ಲಿದ್ದರೆ ಕೇಸಿನಲ್ಲೇ ಇರಲಿ.